ನಡುವಿನ ಗಾಳಿ

ನಮ್ಮ ಶಹಾಬಾದಿನವರು ಥಂಡಿಯ ಮಾತೆತ್ತಿದರೆ ಬೇರೆ ಊರಿನವರಿಗೆ ನಗು ಬರುವುದು ಸಹಜ. ಬೇಸಿಗೆಯಲ್ಲಿ 43, 44 ಡಿಗ್ರಿಯ ಬಿಸಿಲಿಗೆ ಕಾಯುವ ಊರು ಇದು. ನೆಲಕ್ಕೆ ಫರಸಿ, ಎಷ್ಟೋ ಹಳೆಯ ಮನೆಗಳಲ್ಲಿ ಗೋಡೆಗೂ ಮಾಳಿಗೆಗೂ ಅದೇ ಕಲ್ಲು. ಹಗಲೆಲ್ಲ ಕಾದ ಕಲ್ಲು ರಾತ್ರಿ ಹನ್ನೆರಡಾದರೂ ತನ್ನ ಕಾವು ಬಿಡುವುದಿಲ್ಲ. ಇಂಥ ಊರಿಗೆ ಚಳಿಗಾಲವೆಂದರೆ ಎಳ್ಳ ಅಮವಾಸ್ಯೆಯ ಹಿಂದುಮುಂದಿನ ಕೆಲವು ವಾರ ಮಾತ್ರ. ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ಸಾಕು, ಪೆಟ್ಟಿಗೆಯೊಳಗಿನ ಕೌದಿ ಹೊರಗೆ ಬರುತ್ತದೆ, ಮುದುಕರ ಕಿವಿಗೆ ಮಫ್ಲರ್ ಏರುತ್ತದೆ, ಸಜ್ಜಿ ರೊಟ್ಟಿಗೆ ಎಳ್ಳು ಹತ್ತುತ್ತದೆ.

ಇಷ್ಟು ಚಿಕ್ಕ ಚಳಿಯೂ ಅಡಿಗೆಮನೆಯಲ್ಲಿ ತನ್ನ ಗುರುತು ಬಿಡದೆ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಶೀಸೆಯಲ್ಲೇ ಗಟ್ಟಿಯಾಗುತ್ತದೆ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆ ಹಾಲಾಗಿಯೇ ಉಳಿದಿರುತ್ತದೆ. ಇಡ್ಲಿಯ ಹಿಟ್ಟು ಉಬ್ಬುವುದಿಲ್ಲ. ಅದೇ ಹಾಲು, ಅದೇ ಹೆಪ್ಪು, ಅದೇ ಕೈ. ಬದಲಾದದ್ದು ಸುತ್ತಲಿನ ಗಾಳಿ. ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹೆಪ್ಪು ಒಂದು ಚಮಚ ಹೆಚ್ಚು ಹಾಕುತ್ತೇವೆ, ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ಒಲೆಯ ಹತ್ತಿರ ಇಡುತ್ತೇವೆ. ‘ನಾನಂತೂ ಸರಿಯಾಗಿ ಹೆಪ್ಪು ಹಾಕಿದ್ದೆ, ಮೊಸರಾಗದಿದ್ದರೆ ನನ್ನನ್ನೇಕೆ ಕೇಳುತ್ತೀರಿ’ ಎಂದು ಯಾವ ಗೃಹಿಣಿಯೂ ವಾದ ಹೂಡುವುದಿಲ್ಲ. ಹವೆ ನೋಡಿಕೊಳ್ಳುವುದೂ ಹೆಪ್ಪು ಹಾಕುವ ಕೆಲಸದೊಳಗೇ ಸೇರಿದ್ದು ಎಂದು ಅವಳಿಗೆ ಗೊತ್ತು.

ಇದೇ ಮಾತು ಬಂದೂಕಿಗೂ ಸಲ್ಲುತ್ತದೆ ಎಂದು ನನಗೆ ತಿಳಿದದ್ದು ನಮ್ಮ ಓಣಿಯ ಒಬ್ಬ ನಿವೃತ್ತ ಫೌಜಿಯಿಂದ. ಉತ್ತರದ ಬೆಟ್ಟಗಳಲ್ಲಿ ಹಲವು ವರ್ಷ ಕಳೆದು ಬಂದವರು. ಯುದ್ಧದ ಸುದ್ದಿ ಕೇಳಿದರೆ ಮಾತು ಬದಲಿಸುತ್ತಾರೆ. ಚಳಿಯ ಬಗ್ಗೆ ಕೇಳಿದರೆ ಮಾತ್ರ ಕಟ್ಟೆಯ ಮೇಲೆ ಸರಿಯಾಗಿ ಕೂಡ್ರುತ್ತಾರೆ. “ಥಂಡ್ಯಾಗ ಗುಂಡೂ ಮಾತ್ ಕೇಳಂಗಿಲ್ರೀ ಅಕ್ಕಾರ” ಎಂದರು ಒಮ್ಮೆ. ಗುಂಡು ಎಂದರೆ ಗುರಿಯಿಟ್ಟ ಕಡೆಗೆ ಗೆರೆ ಎಳೆದಂತೆ ಹೋಗುವ ವಸ್ತು ಎಂದು ತಿಳಿದಿದ್ದ ನಮಗೆಲ್ಲ ಆಶ್ಚರ್ಯವಾಯಿತು.

ಗುಂಡು ಗೆರೆ ಎಳೆದಂತೆ ಹೋಗುವುದಿಲ್ಲ. ಎಸೆದ ಕಲ್ಲಿನ ಹಾಗೆ ಅದೂ ಬಾಗಿಯೇ ಸಾಗುತ್ತದೆ. ಸೈನ್ಯದ 7.62 ಮಿಲಿಮೀಟರಿನ ಗುಂಡು ನಳಿಕೆಯಿಂದ ಹೊರಬೀಳುವಾಗ ಸೆಕೆಂಡಿಗೆ ಸುಮಾರು 800 ಮೀಟರ್ ವೇಗವಿರುತ್ತದೆ. ಒಂದು ಕಿಲೋಮೀಟರ್ ಮುಟ್ಟುವ ಹೊತ್ತಿಗೆ ಎರಡು ಸೆಕೆಂಡಿನ ಹತ್ತಿರ ಕಳೆದಿರುತ್ತದೆ; ಅಷ್ಟರೊಳಗೆ ಭೂಮಿ ಅದನ್ನು ಹತ್ತು ಮೀಟರಿಗಿಂತ ಹೆಚ್ಚು ಕೆಳಕ್ಕೆ ಎಳೆದಿರುತ್ತದೆ. ಅದಕ್ಕಾಗಿಯೇ ಗುರಿಕಾರ ನಳಿಕೆಯನ್ನು ಅಷ್ಟು ಮೇಲಕ್ಕೆತ್ತಿ ಹೊಡೆಯುತ್ತಾನೆ. ಎಷ್ಟು ಮೇಲಕ್ಕೆ ಎಂಬುದೇ ಅವನ ವಿದ್ಯೆ.

ಈ ಲೆಕ್ಕವನ್ನು ಚಳಿ ಎರಡು ಕಡೆಯಿಂದ ಕೆಡಿಸುತ್ತದೆ. ಮೊದಲನೆಯದಾಗಿ, ತೋಟೆಯೊಳಗಿನ ಮದ್ದು ತಣ್ಣಗಾದಾಗ ನಿಧಾನವಾಗಿ ಉರಿಯುತ್ತದೆ. ಗುಂಡಿಗೆ ಸಿಗುವ ನೂಕು ಕಡಿಮೆಯಾಗುತ್ತದೆ. ಎರಡನೆಯದಾಗಿ, ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ. ಸಮುದ್ರಮಟ್ಟದಲ್ಲಿ 40 ಡಿಗ್ರಿ ಶಾಖದ ಒಂದು ಘನ ಮೀಟರ್ ಗಾಳಿ ತೂಗುವುದು ಸುಮಾರು 1.13 ಕಿಲೋ. ಅದೇ ಗಾಳಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದಾಗ ಸುಮಾರು 1.4 ಕಿಲೋ ತೂಗುತ್ತದೆ. ಬರಿಗಾಲಲ್ಲಿ ನೀರೊಳಗೆ ನಡೆಯುವುದಕ್ಕೂ ಕೆಸರೊಳಗೆ ನಡೆಯುವುದಕ್ಕೂ ಇರುವ ವ್ಯತ್ಯಾಸದ ಹಾಗೆ, ದಟ್ಟ ಗಾಳಿಯಲ್ಲಿ ಗುಂಡು ಬೇಗ ದಣಿಯುತ್ತದೆ. ಕಡು ಬೇಸಿಗೆಯಲ್ಲಿ ಹೊಂದಿಸಿಟ್ಟ ಬಂದೂಕಿನಿಂದ ಕೊರೆಯುವ ಚಳಿಯಲ್ಲಿ ಹೊಡೆದರೆ, ಸಾವಿರ ಮೀಟರಿನಲ್ಲಿ ಗುಂಡು ಒಂದು ಮೀಟರಿಗಿಂತಲೂ ಹೆಚ್ಚು ಕೆಳಗೆ ಬಿದ್ದೀತು. ಎದೆಗೆ ಇಟ್ಟ ಗುರಿ ಕಾಲಿಗೋ ಮಣ್ಣಿಗೋ ತಾಗುತ್ತದೆ.

ಅದಲ್ಲದೆ ಇನ್ನೂ ಸಣ್ಣಪುಟ್ಟ ಕಾಟಗಳಿವೆ. ಬಂದೂಕಿನ ಕೀಲುಗಳಿಗೆ ಹಾಕಿದ ಎಣ್ಣೆ ನಮ್ಮ ಕೊಬ್ಬರಿ ಎಣ್ಣೆಯಂತೆಯೇ ಗಟ್ಟಿಯಾಗುತ್ತದೆ. ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮ ಅಂಟಿ ಕಿತ್ತು ಬರುತ್ತದೆ. ಕೈಗವಸು ಹಾಕಿದರೆ ಕುದುರೆಯ ಮೇಲಿನ ಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ. ಬಿಟ್ಟ ಉಸಿರು ದುರ್ಬೀನಿನ ಗಾಜಿನ ಮೇಲೆ ಮಂಜಾಗಿ ಕೂಡುತ್ತದೆ. ಹೊರಗಿನ ಚಳಿಯಿಂದ ಬಂದೂಕನ್ನು ಬೆಚ್ಚಗಿನ ಡೇರೆಯೊಳಗೆ ತಂದರೆ, ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಲೋಟದ ಹಾಗೆ ಅದು ಬೆವರುತ್ತದೆ. ಮತ್ತೆ ಹೊರಗೊಯ್ದರೆ ಆ ಬೆವರೇ ಹಿಮವಾಗಿ ಕೀಲುಗಳನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಆಯುಧವನ್ನು ಹೊರಗೇ ಬಿಡುತ್ತಾರಂತೆ, ಚಪ್ಪಲಿ ಬಿಟ್ಟ ಹಾಗೆ.

ಎತ್ತರದ ಬೆಟ್ಟಕ್ಕೆ ಹೋದರೆ ಲೆಕ್ಕ ಮತ್ತೆ ತಿರುಗುತ್ತದೆ. 5,500 ಮೀಟರಿನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಚಳಿ ಗಾಳಿಯನ್ನು ದಟ್ಟವಾಗಿಸುತ್ತದೆ, ಎತ್ತರ ಅದನ್ನು ತೆಳುವಾಗಿಸುತ್ತದೆ. ಒಂದು ಗುಂಡನ್ನು ಕೆಳಗೆಳೆದರೆ ಇನ್ನೊಂದು ಮೇಲೆ ಬಿಡುತ್ತದೆ. 1999ರಲ್ಲಿ ಕಾರ್ಗಿಲ್ಲಿನ ಶಿಖರಗಳಲ್ಲಿ ಹೋರಾಡಿದವರಿಗೆ ಬಯಲಿನ ಲೆಕ್ಕಗಳು ಹಾಗೆಹಾಗೆಯೇ ನಡೆಯಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಬೆವರೊರೆಸಿಕೊಳ್ಳುತ್ತ ರೈಲು ಹತ್ತಿದ ನಮ್ಮ ಹುಡುಗ ಅಲ್ಲಿಗೆ ತಲುಪಿದ ಮೇಲೆ ತನ್ನ ಬಂದೂಕನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು. ಫೌಜಿನಲ್ಲಿ ಅದಕ್ಕೆ ‘ಝೀರೋ ಮಾಡುವುದು’ ಎನ್ನುತ್ತಾರೆ. ಹಿಂದಿನ ಊರಿನಲ್ಲಿ ಎಷ್ಟು ಚೆನ್ನಾಗಿ ಹೊಡೆದಿದ್ದರೂ ಹೊಸ ಹವೆಯಲ್ಲಿ ಮತ್ತೆ ಸೊನ್ನೆಯಿಂದಲೇ ಪ್ರಾರಂಭ. ನನಗೆ ಆ ಮಾತು ಬಹಳ ಹಿಡಿಸಿತು.

ಇದನ್ನೆಲ್ಲ ಕೇಳಿದ ಮೇಲೆ ನನಗೆ ದ್ರೋಣರ ಪರೀಕ್ಷೆಯ ಕತೆ ಬೇರೆಯಾಗಿ ಕಾಣತೊಡಗಿತು. ಮರದ ಮೇಲೊಂದು ಹಕ್ಕಿ. ಏನು ಕಾಣುತ್ತದೆ ಎಂದು ಗುರು ಕೇಳುತ್ತಾರೆ. ಧರ್ಮರಾಯ ಮರ ಕಾಣುತ್ತದೆ, ನೀವು ಕಾಣುತ್ತೀರಿ, ತಮ್ಮಂದಿರು ಕಾಣುತ್ತಾರೆ, ಹಕ್ಕಿಯೂ ಕಾಣುತ್ತದೆ ಎಂದು ಹೇಳಿ ನಪಾಸಾಗುತ್ತಾನೆ. ಹಕ್ಕಿಯ ಕಣ್ಣಲ್ಲದೆ ಮತ್ತೇನೂ ಕಾಣುತ್ತಿಲ್ಲ ಎಂದ ಅರ್ಜುನ ಪಾಸಾಗುತ್ತಾನೆ. ಮಕ್ಕಳಿಗೆ ಏಕಾಗ್ರತೆ ಕಲಿಸಲು ನಾವೆಲ್ಲ ಹೇಳುವ ಕತೆ ಇದು. ಓದಿಗೆ ಕೂತ ಮಗುವಿಗೆ ಒಳ್ಳೆಯದೇ. ಆದರೆ ಹಕ್ಕಿ ಅಂಗಳದ ಮರದ ಮೇಲಿತ್ತು. ಅದು ಒಂದು ಕಿಲೋಮೀಟರ್ ಆಚೆ, ಹಿಮಗಾಳಿಯ ಆ ಬದಿಗೆ ಕೂತಿದ್ದರೆ? ಬರೀ ಕಣ್ಣನ್ನು ನೋಡಿದವನ ಬಾಣ ನೆಲಕ್ಕೆ ಬೀಳುತ್ತಿತ್ತು. ಮರ ಯಾವ ಕಡೆಗೆ ಬಾಗಿದೆ, ಎಲೆ ಎಷ್ಟು ಅಲುಗುತ್ತಿದೆ, ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ನೋಡುವ ಧರ್ಮರಾಯನ ಕಣ್ಣೇ ಅಲ್ಲಿ ಬೇಕಾಗುತ್ತಿತ್ತು. ದೂರ ಹೆಚ್ಚಿದಷ್ಟೂ ಗುರಿಯನ್ನು ನೋಡಿದರೆ ಸಾಲದು, ನಡುವಿನದನ್ನೂ ನೋಡಬೇಕಾಗುತ್ತದೆ.

ಬಂದೂಕು ಹಿಡಿಯದ ನಮಗೆ ಇದರಿಂದ ಆಗಬೇಕಾದ್ದೇನು ಎಂದು ನೀವು ಕೇಳಬಹುದು. ನಾವು ದೂರಕ್ಕೆ ಗುರಿಯಿಟ್ಟು ಬಿಡುವುದು ಮಾತನ್ನು. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದು ಎಂದು ಹಂಚಿಹೋಗಿದ್ದಾರೆ. ಹೆಣ್ಣುಮಕ್ಕಳು ಗಂಡನ ಮನೆಗಳಲ್ಲಿದ್ದಾರೆ. ಹಿಂದೆ ಕಾಗದ ಬರೆಯುತ್ತಿದ್ದೆವು, ಈಗ ಫೋನಿನಲ್ಲಿ ಮಾತಾಡುತ್ತೇವೆ. ಮಾತು ನಮ್ಮ ಬಾಯಿಂದ ಹೊರಡುವಾಗ ಇರುವ ಬಿಸಿ ಅಲ್ಲಿ ಮುಟ್ಟುವಾಗ ಇರುತ್ತದೆಯೇ?

ನನಗೆ ಪರಿಚಯದ ಒಬ್ಬ ತಾಯಿಯ ಸಂಗತಿ ಹೇಳುತ್ತೇನೆ. ಮಗಳನ್ನು ದೂರದ ಊರಿಗೆ ಕೊಟ್ಟಿದ್ದರು. ಮದುವೆಯಾದ ಎರಡನೆಯ ವರ್ಷದಿಂದ ಮಗಳು ಫೋನ್ ಮಾಡಿದಾಗಲೆಲ್ಲ ದನಿ ಇಳಿದಿರುತ್ತಿತ್ತು. ಏನೆಂದು ಕೇಳಿದರೆ ಪೂರ್ತಿ ಹೇಳುತ್ತಿರಲಿಲ್ಲ. ಪಕ್ಕದಲ್ಲಿ ಯಾರಾದರೂ ಇರುತ್ತಿದ್ದರು. ತಾಯಿ ಪ್ರತಿಸಲ ಒಂದೇ ಮಾತು ಹೇಳುತ್ತಿದ್ದಳು: “ಹೊಂದಿಕೊಂಡು ಹೋಗವ್ವ, ಎಲ್ಲಾ ಸರಿ ಆಗ್ತದ.” ಆ ತಾಯಿಯ ಮನಸ್ಸಿನಲ್ಲಿ ಇದ್ದದ್ದು ಧೈರ್ಯ ತುಂಬುವ ಆಸೆ. ತಾನೂ ಹೊಂದಿಕೊಂಡೇ ಬಂದವಳು, ತನಗೆ ಸರಿಯಾಯಿತು, ಮಗಳಿಗೂ ಆದೀತು ಎಂಬ ನಂಬಿಕೆ. ಮಗಳಿಗೆ ಕೇಳಿಸಿದ್ದೇ ಬೇರೆ. ‘ಇಲ್ಲಿಗೆ ಬರಬೇಡ’ ಎಂದು ಕೇಳಿಸಿತು. ಅವಳು ಮುಂದೆ ಫೋನಿನಲ್ಲಿ ‘ಆರಾಮ ಇದ್ದೀನಿ’ ಎಂದಷ್ಟೇ ಹೇಳತೊಡಗಿದಳು. ಕೈ ಮುರಿದು ಆಸ್ಪತ್ರೆ ಸೇರಿದ ಮೇಲೆಯೇ ತವರಿಗೆ ಸುದ್ದಿ ಬಂದದ್ದು, ಅದೂ ಅಲ್ಲಿಯ ನೆರೆಯವರಿಂದ. ಆ ಹುಡುಗಿ ಬದುಕಿಕೊಂಡಳು, ಈಗ ತವರೂರಿನಲ್ಲೇ ಹೊಲಿಗೆ ಕೆಲಸ ಮಾಡಿಕೊಂಡು ತನ್ನ ಕಾಲ ಮೇಲೆ ತಾನು ನಿಂತಿದ್ದಾಳೆ. ಆದರೆ ತಾಯಿ ಇಂದಿಗೂ ಹೇಳುವುದು ಒಂದೇ: “ನಾ ಏನ್ ಕೆಟ್ಟದ್ದು ಹೇಳಿದ್ನೇನ್ರಿ? ಒಳ್ಳೇದಕ್ಕೇ ಹೇಳಿದೆ.”

ಒಳ್ಳೆಯದಕ್ಕೇ ಹೇಳಿದಳು, ಅದರಲ್ಲಿ ಅನುಮಾನವಿಲ್ಲ. ಗುರಿ ಸರಿಯಾಗಿಯೇ ಇತ್ತು. ಆದರೆ ಗುರಿ ಸರಿಯಿತ್ತು ಎಂಬಷ್ಟಕ್ಕೆ ನಮ್ಮ ಹೊಣೆ ಮುಗಿಯುತ್ತದೆಯೇ? ಅವಳು ತವರಿನ ಬೆಚ್ಚನೆಯಲ್ಲಿ ಕೂತು ಆಡಿದ ಮಾತು, ಸುತ್ತ ಕಿವಿಗಳಿದ್ದ, ಯಾರೂ ತನ್ನವರಲ್ಲದ ಮನೆಯೊಂದರ ಗಾಳಿಯನ್ನು ದಾಟಿ ಹೋಗಬೇಕಿತ್ತು. ಆ ಗಾಳಿಯಲ್ಲಿ ಮಾತಿನ ಪ್ರೀತಿ ದಣಿದು ಕೆಳಗೆ ಬಿತ್ತು, ಅಪ್ಪಣೆ ಮಾತ್ರ ಮುಟ್ಟಿತು. ತನ್ನ ಕಾಲದಲ್ಲಿ, ತನ್ನ ಮನೆಯಲ್ಲಿ ಹೊಂದಿಸಿಕೊಂಡ ಲೆಕ್ಕವನ್ನೇ ಆಕೆ ಮಗಳ ಮನೆಗೂ ಹಚ್ಚಿದಳು. ಹೊಸ ಹವೆಗೆ ಸೊನ್ನೆಯಿಂದ ಪ್ರಾರಂಭಿಸಲಿಲ್ಲ. ಆ ತಾಯಿಯನ್ನು ನಾನು ಕಟಕಟೆಗೆ ನಿಲ್ಲಿಸುತ್ತಿಲ್ಲ. ಹೊಡೆದವರ ತಪ್ಪು ಹೊಡೆದವರದೇ. ಆದರೂ ‘ಮನಸ್ಸು ಶುದ್ಧವಾಗಿತ್ತು’ ಎಂಬ ಸಮಾಧಾನ ನಮಗೆ ಬಹಳ ಸುಲಭವಾಗಿ ಸಿಕ್ಕುಬಿಡುತ್ತದೆ. ಮೊಸರಿನ ವಿಷಯದಲ್ಲಿ ನಾವೇ ಒಪ್ಪದ ವಾದವನ್ನು ಮಗಳ ವಿಷಯದಲ್ಲಿ ಒಪ್ಪಿಬಿಡುತ್ತೇವೆ.

ಹಾಗಾದರೆ ನಡುವಿನ ಗಾಳಿಯನ್ನು ತಿಳಿದವರೆಲ್ಲ ಒಳ್ಳೆಯವರೇ? ಅದೂ ಅಲ್ಲ. ಚಳಿಯ ಲೆಕ್ಕವನ್ನು ಅರೆದು ಕುಡಿದವನೊಬ್ಬ ಫಿನ್‌ಲೆಂಡಿನಲ್ಲಿದ್ದ, ಸಿಮೊ ಹೈಹಾ ಎಂದು ಹೆಸರು. 1939ರ ಕೊನೆಯಲ್ಲಿ ಸೋವಿಯತ್ ಸೈನ್ಯ ಆ ಚಿಕ್ಕ ದೇಶದ ಮೇಲೆ ಏರಿಬಂದಾಗ, ಸೊನ್ನೆಗಿಂತ 20ರಿಂದ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಬಿಳಿ ಬಟ್ಟೆ ತೊಟ್ಟು ಹಿಮದಲ್ಲಿ ಮಲಗಿ ಕಾಯುತ್ತಿದ್ದ. ಗಾಜಿಗೆ ಮಂಜು ಹಿಡಿಯುತ್ತದೆಂದು ದುರ್ಬೀನು ಬಳಸುತ್ತಿರಲಿಲ್ಲ. ಉಸಿರಿನ ಹಬೆ ವೈರಿಗೆ ಕಾಣಬಾರದೆಂದು ಬಾಯಲ್ಲಿ ಹಿಮದ ಉಂಡೆ ಇಟ್ಟುಕೊಳ್ಳುತ್ತಿದ್ದ. ನೂರು ದಿನವೂ ತುಂಬದ ಅವಧಿಯಲ್ಲಿ ಐನೂರಕ್ಕೂ ಹೆಚ್ಚು ಜನರನ್ನು ಹೊಡೆದನೆಂದು ಹೇಳುತ್ತಾರೆ. ಕೊನೆಗೆ 1940ರ ಮಾರ್ಚಿನಲ್ಲಿ ತಾನೂ ದವಡೆಗೆ ಗುಂಡು ತಿಂದು ಬದುಕಿ ಉಳಿದು, 2002ರಲ್ಲಿ 96ನೆಯ ವಯಸ್ಸಿನಲ್ಲಿ ತೀರಿಕೊಂಡ. ಪಶ್ಚಾತ್ತಾಪವಿದೆಯೇ ಎಂದು ಕೇಳಿದವರಿಗೆ, ಹೇಳಿದ ಕೆಲಸವನ್ನು ಕೈಲಾದಷ್ಟು ಚೆನ್ನಾಗಿ ಮಾಡಿದೆ ಎಂಬರ್ಥದ ಮಾತು ಹೇಳಿದ್ದ. ತನ್ನ ನೆಲದ ಮೇಲೆ ಏರಿಬಂದವರನ್ನು ತಡೆದವನನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಆದರೆ ‘ಚೆನ್ನಾಗಿ ಮಾಡಿದೆ’ ಎಂಬ ಆ ಮಾತಿನ ಮುಂದೆ ಮನಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ.

ಇದೇ ಕೆಲಸ ಮಾಡಿದ ಹೆಂಗಸೂ ಇದ್ದಳು. ಸೋವಿಯತ್ ಪಡೆಯ ಲ್ಯುದ್ಮಿಲಾ ಪಾವ್ಲಿಚೆಂಕೊ, ಇತಿಹಾಸದ ವಿದ್ಯಾರ್ಥಿನಿ. ಆಕೆಯ ಹೆಸರಿನ ಮುಂದೆ 309 ಎಂಬ ಸಂಖ್ಯೆ ಬರೆಯುತ್ತಾರೆ. 1942ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿಯ ಪತ್ರಕರ್ತರು ಆಕೆಯನ್ನು ಕೇಳಿದ್ದು ಮುಖಕ್ಕೆ ಬಣ್ಣ ಹಚ್ಚುತ್ತೀಯಾ ಎಂದು, ಸಮವಸ್ತ್ರದ ಲಂಗ ಅಷ್ಟು ಉದ್ದವೇಕೆ ಎಂದು. ಗಂಡಸಿಗೆ ಪಶ್ಚಾತ್ತಾಪದ ಪ್ರಶ್ನೆ, ಹೆಂಗಸಿಗೆ ಲಂಗದ ಪ್ರಶ್ನೆ! ಹೆಣ್ಣಿಗೂ ಒಂದು ಅಂತಃಸಾಕ್ಷಿ ಇರುತ್ತದೆ, ಅವಳನ್ನೂ ದೊಡ್ಡ ಪ್ರಶ್ನೆ ಕೇಳಬೇಕು ಎಂದು ಜಗತ್ತಿಗೆ ಹೊಳೆಯುವುದು ಯಾವಾಗಲೂ ತಡವೇ. ನಮ್ಮಲ್ಲಿ 2024ರಲ್ಲಿ ಹಿಮಾಚಲದ ಸುಮನ್ ಕುಮಾರಿ ಗಡಿ ಭದ್ರತಾ ಪಡೆಯ ಮೊದಲ ಮಹಿಳಾ ದೂರಗುರಿಕಾರ್ತಿಯಾದಾಗ ನಾವೆಲ್ಲ ಸಂತೋಷಪಟ್ಟೆವು. ಹೆಣ್ಣಿಗೆ ಆ ಬಾಗಿಲು ತೆರೆದದ್ದು ಸರಿಯೇ. ಬಾಗಿಲಿನೊಂದಿಗೆ ಆ ದೊಡ್ಡ ಪ್ರಶ್ನೆಯೂ ಅವಳ ಪಾಲಿಗೆ ಬಂದಿತು.

ಆ ಪ್ರಶ್ನೆ ಏನೆಂದರೆ, ಗಾಳಿಯ ಲೆಕ್ಕ ತಿಳಿಯದೆ ಹೊಡೆದವನು ‘ಹೀಗಾಗುತ್ತದೆಂದು ಗೊತ್ತಿರಲಿಲ್ಲ’ ಎನ್ನಬಹುದು. ಲೆಕ್ಕ ಹಾಕಿಯೇ ಹೊಡೆದವನಿಗೆ ಆ ಮಾತು ಉಳಿಯುವುದಿಲ್ಲ. ತಿಳಿವಳಿಕೆ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುವುದಿಲ್ಲ. ಪೂರ್ತಿ ಹೊಣೆಗಾರನನ್ನಾಗಿ ಮಾಡುತ್ತದೆ. ನಮ್ಮ ಮನೆಗಳಲ್ಲೂ ಇಂಥ ನಿಪುಣರಿದ್ದಾರೆ. ಯಾವ ಮಾತು ಯಾವ ಹೊತ್ತಿನಲ್ಲಿ, ಯಾರ ಎದುರಿಗೆ ಆಡಿದರೆ ಸೊಸೆಯ ಎದೆಗೆ ನೇರವಾಗಿ ನಾಟುತ್ತದೆ ಎಂದು ಬಲ್ಲ ಅತ್ತೆಯರು. ಅತ್ತೆಗೆ ವಯಸ್ಸಾಗಿ ಕೈಸೋತ ಮೇಲೆ ಅದೇ ವಿದ್ಯೆಯನ್ನು ತಿರುಗಿಸುವ ಸೊಸೆಯರು. ಬಂಜೆ ಎಂಬ ಎರಡಕ್ಷರ ತೊಟ್ಟಿಲ ಕಾರ್ಯದ ಮನೆಯಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬ ಲೆಕ್ಕ ಅವರಿಗೆ ಬೆರಳ ತುದಿಯಲ್ಲಿರುತ್ತದೆ. ಅವರ ಗುರಿ ತಪ್ಪುವುದೇ ಇಲ್ಲ. ಆದ್ದರಿಂದ ಹೇಗೆ ಹೊಡೆಯಬೇಕು ಎಂಬುದಕ್ಕಿಂತ ಮೊದಲು, ಹೊಡೆಯಲೇಬೇಕೇ ಎಂಬ ಪ್ರಶ್ನೆ ಬರಬೇಕು. ಹಕ್ಕಿಯ ಕಣ್ಣೊಂದನ್ನೇ ಕಂಡ ಅರ್ಜುನನಿಗೂ ಕುರುಕ್ಷೇತ್ರದಲ್ಲಿ ಎದುರಿನ ಮುಖಗಳೆಲ್ಲ ಕಂಡವು, ಕೈಯಿಂದ ಬಿಲ್ಲು ಜಾರಿತು. ಮುಂದೆ ಅವನು ಬಿಲ್ಲು ಎತ್ತಿದ, ಅದು ಬೇರೆ ಮಾತು. ಆದರೆ ಆ ಜಾರಿದ ಗಳಿಗೆಯಲ್ಲಿ ಅವನು ಕಂಡದ್ದು, ಹಿಂದೆ ಮರದ ಕೆಳಗೆ ಧರ್ಮರಾಯ ಕಂಡು ನಪಾಸಾದದ್ದನ್ನೇ.

ಇನ್ನು ಯಾರೂ ಗುರಿಯಿಡದಿದ್ದರೂ ಕೊಲ್ಲುವ ಚಳಿಯ ಮಾತು. ಸಿಯಾಚಿನ್ನಿಗೆ ನಮ್ಮ ಸೈನ್ಯ ಕಾಲಿಟ್ಟದ್ದು 1984ರ ಏಪ್ರಿಲ್ಲಿನಲ್ಲಿ. 2003ರ ನವೆಂಬರಿನ ಕದನ ವಿರಾಮದ ನಂತರ ಅಲ್ಲಿ ಬಂದೂಕುಗಳು ಬಹುಮಟ್ಟಿಗೆ ಸುಮ್ಮನಾದವು, ಚಳಿ ಸುಮ್ಮನಾಗಲಿಲ್ಲ. ಆ ನೀರ್ಗಲ್ಲಿನಲ್ಲಿ ಗುಂಡಿಗಿಂತ ಹವೆಗೇ ಹೆಚ್ಚು ಜನ ಬಲಿಯಾಗಿದ್ದಾರೆ. 2012ರ ಏಪ್ರಿಲ್ 7ರಂದು ಆ ಬದಿಯ ಗಯಾರಿಯಲ್ಲಿ ಹಿಮ ಜರಿದು ಪಾಕಿಸ್ತಾನದ 140 ಜನ ಸತ್ತರು. 2016ರ ಫೆಬ್ರವರಿ 3ರಂದು ಈ ಬದಿಯ ಸೋನಂ ಠಾಣೆಯ ಮೇಲೆ ಹಿಮ ಬಿದ್ದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹುಗಿದುಹೋದರು. ಅವರಲ್ಲಿ ಕುಂದಗೋಳ ತಾಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರು. ಆರು ದಿನದ ಮೇಲೆ ಹಿಮ ಅಗೆದಾಗ ಅವರಿಗೆ ಇನ್ನೂ ಉಸಿರಿತ್ತು. ಇಡೀ ಕರ್ನಾಟಕ ದೇವರಿಗೆ ದೀಪ ಹಚ್ಚಿತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಅಂದು ನಮ್ಮ ಓಣಿಯ ಫೌಜಿ ಟಿವಿಯ ಮುಂದೆ ಕೂತವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ಥಂಡಿಗಿ ಆ ಕಡಿ ಈ ಕಡಿ ಅನ್ನೂದಿಲ್ರಿ” ಎಂದರು. ನಿಜ, ಚಳಿಗೆ ವೈರಿಯಿಲ್ಲ, ಗುರಿಯಿಲ್ಲ, ಆದ್ದರಿಂದ ತಪ್ಪೂ ಇಲ್ಲ. ಆದರೆ ಮನುಷ್ಯರನ್ನು ಅಲ್ಲಿಗೆ ಕಳಿಸಿದ್ದು ಚಳಿಯಲ್ಲ. ಎರಡು ದೇಶಗಳ ನಡುವೆ ಹೆಪ್ಪುಗಟ್ಟಿ ಕೂತ ಅಪನಂಬಿಕೆ. ಅದು ಮನುಷ್ಯರೇ ಮಾಡಿದ ಹವೆ.

ಮನೆಯೊಳಗಿನ ಚಳಿಯ ಬಗ್ಗೆಯೂ ನಾವು ಹವಾಮಾನದ ಬಗ್ಗೆ ಮಾತಾಡಿದ ಹಾಗೆಯೇ ಮಾತಾಡುತ್ತೇವೆ. ‘ಆ ಮನೆಯ ರೀತಿಯೇ ಹಾಗೆ’, ‘ಅವರ ಸ್ವಭಾವವೇ ಹಾಗೆ’, ‘ಕಾಲವೇ ಹಾಗೆ’ ಎನ್ನುತ್ತೇವೆ. ಯಾರೋ ಒಬ್ಬರು ಊಟಕ್ಕೆ ಕರೆಯುವುದನ್ನು ಬಿಟ್ಟಿರುತ್ತಾರೆ, ಇನ್ನೊಬ್ಬರು ಉತ್ತರ ಕೊಡುವುದನ್ನು ಬಿಟ್ಟಿರುತ್ತಾರೆ, ಮೂರನೆಯವರು ನೋಡಿಯೂ ಸುಮ್ಮನಿರುತ್ತಾರೆ. ದಿನಕ್ಕೊಂದು ಡಿಗ್ರಿ ಇಳಿದು ಇಳಿದು ಒಂದು ದಿನ ಯಾವ ಮಾತೂ ಯಾರಿಗೂ ಮುಟ್ಟದ ಹಾಗಾಗುತ್ತದೆ. ಇದು ಉತ್ತರದಿಂದ ಬೀಸಿ ಬಂದ ಗಾಳಿಯಲ್ಲ.

ಬೆಟ್ಟದ ಮೇಲೆ ಮಲಗಿದ ಗುರಿಕಾರನಿಗಿಂತ ನಾವು ಭಾಗ್ಯವಂತರಾಗಿರುವುದು ಇಲ್ಲಿಯೇ. ತನ್ನ ಮತ್ತು ಗುರಿಯ ನಡುವಿನ ಒಂದು ಕಿಲೋಮೀಟರ್ ಗಾಳಿಯನ್ನು ಅವನು ಒಂದು ಡಿಗ್ರಿಯಷ್ಟೂ ಬಿಸಿ ಮಾಡಲಾರ. ಲೆಕ್ಕ ಹಾಕಿ ನಳಿಕೆ ಎತ್ತುವುದಷ್ಟೇ ಅವನ ಕೈಯಲ್ಲಿರುವುದು. ನಮ್ಮ ಕೈಯಲ್ಲಿ ಇನ್ನೂ ಸ್ವಲ್ಪ ಹೆಚ್ಚಿದೆ. ಆ ತಾಯಿ ಬುದ್ಧಿಮಾತು ಹೇಳುವ ಮೊದಲು, “ನಿನ್ನ ಪಕ್ಕದಾಗ ಯಾರಿದ್ದಾರ? ನಾ ನಾಳೆ ಗಾಡಿಗಿ ಬರ್ಲೇನು?” ಎಂದು ಕೇಳಿದ್ದರೆ ಸಾಕಿತ್ತು. ಆ ಪ್ರಶ್ನೆ ತಲುಪಿದ ಮೇಲೆ ಹೊಂದಿಕೊಂಡು ಹೋಗು ಎಂಬ ಮಾತಿಗೂ ಬೇರೆ ಅರ್ಥ ಬರುತ್ತಿತ್ತು, ಅಥವಾ ಆ ಮಾತನ್ನು ಆಡುವ ಅಗತ್ಯವೇ ಇರುತ್ತಿರಲಿಲ್ಲ. ಮಾತಿಗೆ ಮೊದಲು ನಡುವಿನ ಗಾಳಿಗೆ ಸ್ವಲ್ಪ ಕಾವು ಕೊಡುವುದು ಖರ್ಚಿನ ಕೆಲಸವಲ್ಲ. ದಿನಾಲೂ ರಾತ್ರಿ ಹೆಪ್ಪಿನ ಪಾತ್ರೆಗೆ ಬಟ್ಟೆ ಸುತ್ತುವ ಕೈಗಳಿಗೆ ಅದು ಬಾರದ್ದೂ ಅಲ್ಲ.